ಪಾಯ ತೆಗೆಯುವ ಮುಂಚೆ

25 ಅಕ್ಟೋಬರ್ 2023, ಬುಧವಾರ

ನಕ್ಷೆಗೆ ಮಂಜೂರಾತಿ ಸಿಕ್ಕಿತು. ಬ್ಯಾಂಕಿನವರು ಸಾಲಕ್ಕೂ ಒಪ್ಪಿದ್ದಾರೆ. ಇನ್ನು ಕಟ್ಟುವವರು ಯಾರು ಅನ್ನೋದೊಂದೇ ಬಾಕಿ. ನಮ್ಮ ಯಜಮಾನರು ಬಳ್ಳಾರಿಯಿಂದ ಶನಿವಾರ ರಾತ್ರಿ ಬಂದರೆ ಸೋಮವಾರ ನಸುಕಿನ ಬಸ್ಸಿಗೆ ಮತ್ತೆ ಹೊರಡುವವರು. ಹಾಗಾಗಿ ಕಂಟ್ರಾಕ್ಟರ್ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಲೆಕ್ಕ ಇವಳೇ ನೋಡಿಕೊಳ್ಳಲಿ ಎಂದು ಹಬ್ಬದೂಟದ ಪಂಕ್ತಿಯಲ್ಲೇ ತೀರ್ಮಾನವಾಗಿಹೋಯಿತು.

ದಾವಣಗೆರೆಯಲ್ಲಿ ದೂಡಾದ (ನಗರಾಭಿವೃದ್ಧಿ ಪ್ರಾಧಿಕಾರದ) 30×40 ಸೈಟು. ಕೆಳಗೆ ಒಂಬತ್ತು ಚದರ, ಮೇಲೆ ನಾಲ್ಕು ಚದರ, ಒಟ್ಟು 1,300 ಚದರಡಿ. ಮೂರು ಕಡೆಯಿಂದ ರೇಟು ಬಂದಿದೆ: ಒಬ್ಬರು ಚದರಡಿಗೆ 1,650, ಇನ್ನೊಬ್ಬರು 1,750, ಮತ್ತೊಬ್ಬರು 2,100. ಎಲ್ಲಾ ‘ವಿತ್ ಮೆಟೀರಿಯಲ್’. ಅತ್ತೆ ಮೂರನ್ನೂ ಕೇಳಿ, "ಕಮ್ಮಿ ಹೇಳಿದವರು ಇದ್ದಾರಲ್ಲ, ಮತ್ಯಾಕೆ ತಡ?" ಅಂದರು.

ಆದರೆ ರಾತ್ರಿ ಕೂತು ನೋಡಿದರೆ ಈ ಮೂರನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲು ಬರುವುದೇ ಇಲ್ಲ. ಒಬ್ಬರು ಪೋರ್ಟಿಕೋವನ್ನು ಅರ್ಧ ಅಳತೆಗೆ ಹಿಡಿದಿದ್ದಾರೆ, ಇನ್ನೊಬ್ಬರು ಪೂರ್ತಿ. ಸಂಪು ಒಬ್ಬರ ಲೆಕ್ಕದಲ್ಲಿದೆ, ಇನ್ನಿಬ್ಬರಲ್ಲಿ ಇಲ್ಲ. ಕಾಂಪೌಂಡ್, ಗೇಟು, ಮೇಲಿನ ನೀರಿನ ಟ್ಯಾಂಕು, ಪಾಯದೊಳಗೆ ತುಂಬುವ ಗರಸು, ಇವುಗಳ ಸುದ್ದಿಯನ್ನು ಯಾರೂ ಎತ್ತಿಲ್ಲ. ಎತ್ತದೇ ಇದ್ದದ್ದು ಆಮೇಲೆ ‘ಎಕ್ಸ್‌ಟ್ರಾ’ ಅನ್ನುವ ಹೆಸರಿನಲ್ಲಿ ಬರುತ್ತದೆ. ನಮ್ಮ ಶಾಲೆಯಲ್ಲಿ ಮನೆ ಕಟ್ಟಿಸಿದ ಪ್ರತಿಯೊಬ್ಬರೂ ಈ ಎಕ್ಸ್‌ಟ್ರಾದ ಕತೆ ಹೇಳುತ್ತಾರೆ.

ನಾಳೆ ಒಂದು ಹಾಳೆಯಲ್ಲಿ ಏನೇನು ಆಗಬೇಕು ಎಂದು ಪಟ್ಟಿ ಬರೆದು ಎಲ್ಲರಿಗೂ ಅದೇ ಹಾಳೆ ಕೊಡುತ್ತೇನೆ. ಪ್ರಶ್ನೆಪತ್ರಿಕೆ ಬೇರೆ ಬೇರೆಯಾದರೆ ಅಂಕ ಹೋಲಿಸುವುದು ಹೇಗೆ?

29 ಅಕ್ಟೋಬರ್, ಭಾನುವಾರ

1,750 ಅಂದವರು ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ಕೂತ ಕ್ಷಣದಿಂದ ಏಳುವ ತನಕ ಇವರ ಮುಖ ನೋಡಿಯೇ ಮಾತಾಡಿದರು. ಕೇಳುತ್ತಿದ್ದವಳು ನಾನು, ಉತ್ತರ ಮಾತ್ರ ಇವರಿಗೆ. "ಮೇಡಂ, ನೀವ್ಯಾಕೆ ತಲೆ ಕೆಡಿಸ್ಕೊಂತೀರಿ? ಎಲ್ಲಾ ಫಸ್ಟ್ ಕ್ವಾಲಿಟಿ ಮಾಡಿಕೊಡ್ತೀನ್ರಿ" ಅನ್ನುವುದೊಂದೇ ನನ್ನ ಕಡೆ ತಿರುಗಿ ಆಡಿದ ಮಾತು.

ಫೋನಿನಲ್ಲಿ ಫೋಟೋ ತೋರಿಸಿದರು. ಸಂಜೆ ದೀಪ ಹಾಕಿ ತೆಗೆದ ಎಲಿವೇಶನ್‌ಗಳು, ಸ್ಟೀಲ್ ರೇಲಿಂಗು, ಬಾಗಿಲಿಗೆ ಮಾವಿನ ತೋರಣ. ನೋಡಲು ಚೆಂದವೇ. ಆದರೆ ಗೃಹಪ್ರವೇಶದ ದಿನ ಯಾವ ಮನೆ ಚೆಂದ ಇರುವುದಿಲ್ಲ? ಪುಟ್ಟಿ ಮತ್ತು ಬಣ್ಣ ಎಲ್ಲವನ್ನೂ ಮುಚ್ಚಿರುತ್ತವೆ. "ಈಗ ಕೆಲಸ ನಡೀತಿರೋ ಸೈಟು ಯಾವುದಿದೆ?" ಅಂತ ಕೇಳಿದೆ. ಮುಗಿದ ಮನೆಗಳ ವಿಳಾಸವನ್ನೇ ಮತ್ತೆ ಮತ್ತೆ ಹೇಳಿದರು. ಬಿಡದೆ ಕೇಳಿದ ಮೇಲೆ ಹದಡಿ ರಸ್ತೆ ಕಡೆಯ ಒಂದು ಸೈಟಿನ ಗುರುತು ಕೊಟ್ಟರು.

ಮುಂಗಡ ಕಾಲು ಭಾಗ ಬೇಕಂತೆ. 22,75,000ದಲ್ಲಿ ಕಾಲು ಭಾಗ ಅಂದರೆ 5,68,750. ಬ್ಯಾಂಕಿನವರು ಹಂತ ಹಂತವಾಗಿ ಕೊಡುವವರು, ಅವರ ಇಂಜಿನಿಯರ್ ಬಂದು ಪಾಯ ಎದ್ದಿದೆ ಎಂದು ಬರೆದುಕೊಡುವ ತನಕ ಮೊದಲ ಕಂತು ಬರುವುದಿಲ್ಲ. ಅಂದರೆ ಅಷ್ಟೂ ನಮ್ಮ ಕೈಯಿಂದ, ಒಂದು ಬುಟ್ಟಿ ಮಣ್ಣು ಎತ್ತುವ ಮುಂಚೆ. ಯಾಕೆ ಅಷ್ಟು ಎಂದರೆ, "ಕಬ್ಬಿಣ ರೇಟು ಏರ್ತದ್ರಿ ಸರ್, ಈಗಲೇ ಬುಕ್ ಮಾಡಿಬಿಡ್ತೀನಿ." ಜೊತೆಗೆ ಇನ್ನೊಂದು ಅಸ್ತ್ರ: ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಹಿಡಿಯುತ್ತದೆ, ಅಷ್ಟರೊಳಗೆ ಗುದ್ದಲಿ ಪೂಜೆ ಆಗದಿದ್ದರೆ ಸಂಕ್ರಾಂತಿ ತನಕ ಕಾಯಬೇಕು. ಅತ್ತೆ ಕೂಡಲೇ ಪಂಚಾಂಗ ತರಿಸಿದರು.

ಕಾಯೋಣ ಬಿಡಿ ಎಂದೆ. ಅವಸರ ಅವರಿಗೆ ಇರಬಹುದು, ಮೂವತ್ತು ವರ್ಷ ಆ ಗೋಡೆಗಳ ನಡುವೆ ಇರುವವರು ನಾವು.

5 ನವೆಂಬರ್, ಭಾನುವಾರ

ಆ ಸೈಟಿಗೆ ಹೋಗಿ ಬಂದೆವು, ಹೇಳದೆ ಕೇಳದೆ. ಹೋದ ಹೊತ್ತಿಗೆ ಸರಿಯಾಗಿ ಸ್ಲ್ಯಾಬ್ ಹಾಕುತ್ತಿದ್ದರು. ನಮ್ಮ ನಕ್ಷೆ ಬರೆದ ಇಂಜಿನಿಯರ್ ಏನೇನು ನೋಡಬೇಕೆಂದು ಮೊದಲೇ ಹೇಳಿಕೊಟ್ಟಿದ್ದರಿಂದ ಕಣ್ಣು ನೇರ ಕಬ್ಬಿಣದ ಬುಡಕ್ಕೆ ಹೋಯಿತು.

ಕಬ್ಬಿಣದ ಜಾಲರಿ ಸೆಂಟ್ರಿಂಗ್ ಹಲಗೆಯಿಂದ ಮೇಲಕ್ಕೆ ಎದ್ದು ನಿಂತಿರಬೇಕು, ಸ್ಲ್ಯಾಬಿಗೆ 20 ಮಿ.ಮೀ. ಅದಕ್ಕೆಂದೇ ಕವರ್ ಬ್ಲಾಕ್ ಇಡುತ್ತಾರೆ, ಅಂಗೈಯಲ್ಲಿ ನಾಲ್ಕಾರು ಹಿಡಿಸುವಷ್ಟು ಸಣ್ಣ ಸಿಮೆಂಟ್ ತುಂಡುಗಳು. ಇಲ್ಲಿ ಅದರ ಬದಲು ಅಲ್ಲಲ್ಲಿ ಜಲ್ಲಿ ಕಲ್ಲು ಸಿಗಿಸಿದ್ದರು. ಜನ ಓಡಾಡಿದ ಕಡೆಯೆಲ್ಲ ಕಲ್ಲು ಜಾರಿ, ಸರಳು ಹಲಗೆಗೇ ಅಂಟಿ ಮಲಗಿತ್ತು. ಹಾಗೇ ಕಾಂಕ್ರೀಟ್ ಬಿದ್ದರೆ ಕೆಳಗಿನಿಂದ ಕಬ್ಬಿಣಕ್ಕೆ ಹೊದಿಕೆಯೇ ಇರುವುದಿಲ್ಲ. ಕೆಲವು ವರ್ಷಕ್ಕೆ ತುಕ್ಕು ಹಿಡಿದು ಉಬ್ಬಿ ಸೀಲಿಂಗ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಈಗಿನ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಅದನ್ನೇ ದಿನಾ ನೋಡುತ್ತಿದ್ದೇನೆ.

ಮಿಕ್ಸರ್ ಹತ್ತಿರ ಒಬ್ಬ ಹುಡುಗ ಪೈಪು ಹಿಡಿದು ನಿಂತಿದ್ದ. ಅಳತೆ ಇಲ್ಲ, ಬಕೆಟ್ ಇಲ್ಲ, ಕಣ್ಣಂದಾಜು. ಎಂ20 ಕಾಂಕ್ರೀಟ್ ಅಂದರೆ ಸಿಮೆಂಟ್, ಮರಳು, ಜಲ್ಲಿ 1:1.5:3, ಆ ಮಿಶ್ರಣಕ್ಕೆ 50 ಕೆ.ಜಿ.ಯ ಒಂದು ಚೀಲ ಸಿಮೆಂಟಿಗೆ ನೀರು 30 ಲೀಟರ್ ದಾಟಬಾರದು. ಅಲ್ಲಿ ಬಾಂಡ್ಲಿಯಿಂದ ಸುರಿದ ಮಾಲು ಸಾರಿನ ಹಾಗೆ ಹರಿಯುತ್ತಿತ್ತು. ಬಾಂಡ್ಲಿ ಹೊರುತ್ತಿದ್ದ ಹೆಂಗಸನ್ನು, "ಇಷ್ಟು ನೀರು ಯಾಕಮ್ಮಾ?" ಎಂದೆ. "ಬಿರ್ರನೆ ಇಳಿಬೇಕಲ್ರಿ ಅಕ್ಕೋರೆ, ಗಟ್ಟಿ ಇದ್ರೆ ಎಳಿಯೋರು ಯಾರು?" ಅಂದಳು. ಅವಳ ಮಾತಿನಲ್ಲಿ ತಪ್ಪೇನಿಲ್ಲ. ವೈಬ್ರೇಟರ್ ಇದ್ದಿದ್ದರೆ ಗಟ್ಟಿ ಮಾಲನ್ನೂ ಕೂರಿಸಬಹುದಿತ್ತು. ವೈಬ್ರೇಟರ್ ಬಾಡಿಗೆ ಉಳಿಸಲು ನೀರು ಹಾಕುತ್ತಾರೆ, ನೀರು ಹೆಚ್ಚಾದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ.

ಕಂಟ್ರಾಕ್ಟರ್ ಅಲ್ಲಿರಲಿಲ್ಲ. ಸ್ಲ್ಯಾಬ್ ಹಾಕುವ ದಿನ ಇಲ್ಲದವರು ಇನ್ಯಾವ ದಿನ ಇರುತ್ತಾರೆ! ದಾರಿಯಲ್ಲಿ ಇವರು ಸುಮ್ಮನೆ ಗಾಡಿ ಓಡಿಸಿದರು. ಮನೆ ಹತ್ತಿರ ಬಂದ ಮೇಲೆ, "ಇವರು ಬೇಡ" ಅಂದರು.

7 ನವೆಂಬರ್, ಮಂಗಳವಾರ

ಶಾಲೆ ಬಿಟ್ಟ ಮೇಲೆ 2,100ರವರ ಆಫೀಸಿಗೆ ಹೋಗಿದ್ದೆ. ಎ.ಸಿ., ಗಾಜಿನ ಮೇಜು, ಟಿವಿಯಲ್ಲಿ ನಮ್ಮದೇ ಮನೆಯ ತ್ರೀಡಿ ವಿಡಿಯೋ, ಪೋರ್ಟಿಕೋದಲ್ಲಿ ನಮ್ಮ ಹತ್ತಿರ ಇಲ್ಲದ ಕಾರು. ಒಂದು ಮಾತು ನ್ಯಾಯವಾಗಿ ಬರೆಯಬೇಕು: ಈ ಆಫೀಸಿನವರ ಸ್ಪೆಸಿಫಿಕೇಶನ್ ಪಟ್ಟಿ ಬಹಳ ಅಚ್ಚುಕಟ್ಟು. ಸಿಮೆಂಟಿನ ಕಂಪನಿ, ಕಬ್ಬಿಣದ ದರ್ಜೆ, ವೈರಿನ ಗಾತ್ರ, ಟೈಲ್ಸ್ ಚದರಡಿಗೆ ಎಷ್ಟು ರೂಪಾಯಿಯ ತನಕ ಎಂಬುದೆಲ್ಲ ಅಚ್ಚಾಗಿತ್ತು. ಒಂದು ಪ್ರತಿ ಕೇಳಿ ತಂದಿದ್ದೇನೆ. ಯಾರಿಗೆ ಕೊಟ್ಟರೂ ಕರಾರಿಗೆ ಹೀಗೊಂದು ಪಟ್ಟಿ ಬೇಕು. ‘ಒಳ್ಳೆಯ ಕಂಪನಿಯ ಸಾಮಾನು’ ಎಂದಷ್ಟೇ ಬರೆದ ಕರಾರು ಜಗಳ ಬಂದಾಗ ಯಾರ ಕೈಗೂ ಆಸರೆಯಾಗುವುದಿಲ್ಲ.

ಆದರೆ 2,100ರ ಮೇಲೆ ಜಿಎಸ್‌ಟಿ ಬೇರೆ, ಶೇ. 18. 27,30,000ಕ್ಕೆ 4,91,400 ತೆರಿಗೆ, ಒಟ್ಟು 32,21,400. ನಮ್ಮ ಅಳವಿಗೆ ಮೀರಿದ್ದು. ನಾವೇ ಸಾಮಾನು ತಂದುಕೊಟ್ಟು ಬರೀ ಕೂಲಿ ಗುತ್ತಿಗೆ ಕೊಟ್ಟರೆ, ಒಂಟಿ ವಾಸದ ಮನೆಗೆ ಆ ತೆರಿಗೆ ಇಲ್ಲ ಎಂದು ಅವರೇ ಹೇಳಿದರು. ಹಾಗೆ ಮಾಡಿದರೆ ಸಿಮೆಂಟಿಗೆ, ಜಲ್ಲಿಗೆ, ಎಂ-ಸ್ಯಾಂಡಿಗೆ ದಿನಾ ಓಡುವವರು ಯಾರು? ಇವರು ಬಳ್ಳಾರಿ, ನಾನು ಹತ್ತನೇ ತರಗತಿ.

"ಸೈಟಿನಲ್ಲಿ ದಿನಾ ಯಾರಿರ್ತಾರೆ?" ಎಂದು ಕೇಳಿದೆ. ಇಂಜಿನಿಯರ್ ‘ವಿಸಿಟ್’ ಮಾಡುತ್ತಾರಂತೆ. ಕಟ್ಟುವುದು ಅವರು ಚದರಡಿ ಲೆಕ್ಕದಲ್ಲಿ ಕೆಲಸ ಒಪ್ಪಿಸಿದ ಮೇಸ್ತ್ರಿ. ಹಾಗಾದರೆ ನಾನು ನೋಡಬೇಕಾದದ್ದು ಗಾಜಿನ ಮೇಜಿನ ಆಚೆ ಕೂತವರನ್ನಲ್ಲ, ಆ ಮೇಸ್ತ್ರಿಯನ್ನು. ಅವರ ಹೆಸರು ಹೇಳಲು ಆಫೀಸಿನವರು ತಯಾರಿರಲಿಲ್ಲ.

14 ನವೆಂಬರ್, ಮಂಗಳವಾರ. ಬಲಿಪಾಡ್ಯಮಿ

ತಮ್ಮ ಹಬ್ಬಕ್ಕೆ ಬಂದಿದ್ದ. 1,650 ಅಂದದ್ದು ಅವನ ಸ್ನೇಹಿತನೇ. "ಅಕ್ಕ, ನಮ್ಮ ಹುಡುಗ ಇದ್ದಾನಲ್ಲ, ಹೊರಗಿನವರು ಯಾಕೆ? ಕರಾರು ಗಿರಾರು ಏನೂ ಬೇಡ, ನಾನಿದ್ದೀನಿ" ಅಂದ. ಹೋಳಿಗೆ ಬಾಯಲ್ಲೇ ಇತ್ತು, ನಾನು ಉತ್ತರ ಕೊಡಲಿಲ್ಲ.

ನಾನು ಹೇಳಬೇಕಾದ್ದನ್ನು ಅತ್ತೆಯೇ ಹೇಳಿದರು, ಅವನು ಹೋದ ಮೇಲೆ. "ನೋಡವ್ವಾ, ಬೇಕಾದವರಿಗೆ ಕೊಟ್ರೆ ಗೋಡೆ ಬಿರುಕು ಬಿಟ್ರೂ ಮುಂದಿನ ಹಬ್ಬಕ್ಕೆ ಕರೆದು ಊಟಕ್ಕಿಕ್ಕಬೇಕು. ಬೈಯೋಕೂ ಬರಲ್ಲ, ಬಿಡೋಕೂ ಬರಲ್ಲ." ಕಡಿಮೆ ರೇಟಿನ ಪರವಾಗಿದ್ದವರು ಇವರೇನಾ ಅನ್ನಿಸಿತು. ಆಮೇಲೆ ಗೊತ್ತಾಯಿತು, ಮಾವನವರು ಊರಿನ ಮನೆಯನ್ನು ಷಡ್ಡಕರ ಕೈಗೆ ಕೊಟ್ಟು ಕಟ್ಟಿಸಿದ್ದರಂತೆ. ಎರಡು ಮನೆಗಳ ನಡುವೆ ಎಷ್ಟೋ ವರ್ಷ ಮಾತಿರಲಿಲ್ಲವಂತೆ. ಈ ಕತೆ ನನಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ.

ತಮ್ಮನ ಸ್ನೇಹಿತ ಒಳ್ಳೆಯ ಹುಡುಗನೇ ಇರಬಹುದು. ಕರಾರು ಬೇಡ ಅನ್ನುವ ಕಡೆ ನನಗೆ ಕೆಲಸ ಬೇಡ, ಅಷ್ಟೆ.

19 ನವೆಂಬರ್, ಭಾನುವಾರ

ಹೊಸಬರೊಬ್ಬರು. ನಮ್ಮ ಹೆಡ್‌ಮಿಸ್ಟ್ರೆಸ್ ಅವರ ಮನೆ ಕಟ್ಟಿದವರು. ಗೌಂಡಿಯಾಗಿ ಶುರು ಮಾಡಿ, ಮೇಸ್ತ್ರಿಯಾಗಿ, ಈಗ ತಾವೇ ಕಂಟ್ರಾಕ್ಟ್ ಹಿಡಿಯುತ್ತಾರೆ. ಫೋನ್ ಮಾಡಿ ರೇಟು ಕೇಳಿದರೆ, "ಸೈಟು ನೋಡದೆ ಏನಂತ ಹೇಳ್ಲಿ ಮೇಡಂ?" ಅಂದಿದ್ದರು. ಇವತ್ತು ಬೆಳಗ್ಗೆ ಇಬ್ಬರು ಆಳು, ಹಾರೆ, ಸಲಿಕೆ ತೆಗೆದುಕೊಂಡು ಸೈಟಿಗೆ ಬಂದರು. ಮಾತಿಗೆ ಮುಂಚೆ ಮೂಲೆಯಲ್ಲಿ ಗುಂಡಿ ತೋಡಿಸಿದರು.

ಮೇಲಿನಿಂದ ಕೆಳಗೆ ಕರಿಮಣ್ಣು, ಎರೆ. ಒಂದು ಹೆಂಟೆ ಎತ್ತಿ ನನ್ನ ಕೈಗೆ ಕೊಟ್ಟರು. ಒಣಗಿ ಕಲ್ಲಿನಂತಾಗಿತ್ತು. ಬಾಟಲಿಯಿಂದ ನೀರು ಹನಿಸಿ ಕಿವುಚಿದರು, ನೋಡುನೋಡುತ್ತ ಜಿಡ್ಡಾಗಿ ಬೆರಳಿಗೆ ಅಂಟಿಕೊಂಡಿತು. ಎರೆಯ ಗುಣವೇ ಇದು: ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಸುಮ್ಮನೆ ಕೂರಿಸಿದ ಪಾಯ ಅದರ ಜೊತೆಯೇ ಏರಿ ಇಳಿಯುತ್ತದೆ, ಕಿಟಕಿಯ ಮೂಲೆಗಳಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಐದು ಅಡಿ ದಾಟಿದ ಮೇಲೆ ಗರಸು ಸಿಕ್ಕಿತು, ಹಾರೆ ಠಣ್ ಅಂದಿತು. "ಇಲ್ಲಿಗಂಟ ಹೋಗ್ಲೇಬೇಕ್ರಿ. ಕಾಲಂ ಫುಟಿಂಗ್ ಗರಸಿನ ಮೇಲೆ ಕೂರ್ಬೇಕು, ಮೇಲೆ ಪ್ಲಿಂತ್ ಬೀಮ್ ಸುತ್ತ ಕಟ್ಬೇಕು, ಒಳಗಿನ ಎರೆ ತೆಗೆದು ಗರಸು ತುಂಬ್ಬೇಕು. ನಿಮ್ಮ ಇಂಜಿನಿಯರ್ ಹತ್ರ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿಸ್ಕೊಡ್ರಿ, ಆಮೇಲೆ ರೇಟು."

ರೇಟು ಕೊಟ್ಟ ಮೂವರಲ್ಲಿ ಒಬ್ಬರೂ ಮಣ್ಣಿನ ಬಗ್ಗೆ ಕೇಳಿರಲಿಲ್ಲ. ದಾವಣಗೆರೆಯಲ್ಲಿ ಇದ್ದುಕೊಂಡು ಎರೆಯ ಬಗ್ಗೆ ಕೇಳದೆ ಪಾಯದ ರೇಟು ಹೇಳುವುದು ಅಂದರೆ, ಒಂದೋ ಗೊತ್ತಿಲ್ಲ, ಇಲ್ಲವೇ ಆಮೇಲೆ ‘ಎಕ್ಸ್‌ಟ್ರಾ’ದಲ್ಲಿ ಹಿಡಿಯುತ್ತಾರೆ.

ಇನ್ನೊಂದು ಪ್ರಶ್ನೆ ಕೇಳಿದರು: "ನೀರು ಯಾರದ್ದು?" ಈ ವರ್ಷ ಮಳೆ ಕೈಕೊಟ್ಟಿದೆ, ಅಕ್ಕಪಕ್ಕದ ಬೋರುಗಳು ಉಗುಳುತ್ತಿವೆ. ಒಣ ಬಿಸಿಲಿನಲ್ಲಿ ಹಾಕಿದ ಕಾಂಕ್ರೀಟಿಗೆ, ಅದರಲ್ಲೂ ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ, ಎರಡು ವಾರ ತೇವ ಆರಬಾರದು. ಟ್ಯಾಂಕರ್ ನೀರಿನ ದುಡ್ಡು ಯಾರು ಕೊಡುತ್ತಾರೆ ಎಂಬುದು ಮೊದಲೇ ತೀರ್ಮಾನವಾಗದಿದ್ದರೆ ಕ್ಯೂರಿಂಗ್ ಮೂರನೇ ದಿನಕ್ಕೇ ನಿಲ್ಲುತ್ತದೆ. ಅವರು ಹಾಗನ್ನಲಿಲ್ಲ, ನನಗೇ ಹೊಳೆಯಿತು.

30 ನವೆಂಬರ್, ಗುರುವಾರ. ಕನಕ ಜಯಂತಿ, ರಜೆ

ಎಸ್ಟಿಮೇಟ್ ಬಂತು. ಚದರಡಿ ರೇಟಿಲ್ಲ, ಐಟಂ ಪ್ರಕಾರ: ಮಣ್ಣು ಅಗೆತ ಇಷ್ಟು ಘನ ಮೀಟರ್, ಕಾಂಕ್ರೀಟ್ ಇಷ್ಟು, ಕಬ್ಬಿಣ ಇಷ್ಟು ಕೆ.ಜಿ. ಅವರ ಮಗಳು ಡಿಪ್ಲೊಮಾ ಸಿವಿಲ್ ಓದುತ್ತಿದ್ದಾಳಂತೆ, ಅವಳೇ ಟೈಪು ಮಾಡಿದ್ದು. ಒಟ್ಟು 25,80,000. ಸಂಪು, ಕಾಂಪೌಂಡ್, ಗೇಟು, ಗರಸು ಎಲ್ಲ ಒಳಗಿದೆ. ಟ್ಯಾಂಕರ್ ನೀರು ನಮ್ಮದು ಎಂದು ಕಾಣುವ ಹಾಗೆ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ.

ಈಗ 1,750ರವರದ್ದನ್ನು ಇದೇ ಅಳತೆಗೆ ತಂದು ನೋಡಿದೆ. 22,75,000. ಅದರಲ್ಲಿ ಇಲ್ಲದ್ದು: ಸಂಪು 95,000, ಕಾಂಪೌಂಡ್ 1,60,000, ಗೇಟು 45,000, ಗರಸು 60,000. ಕೂಡಿಸಿದರೆ 26,35,000. ಅಗ್ಗ ಅಂದುಕೊಂಡದ್ದೇ ದುಬಾರಿ. ಎರೆಯಲ್ಲಿ ಹೆಚ್ಚಿಗೆ ಇಳಿಯಬೇಕಾದ ಪಾಯವನ್ನು ಇನ್ನೂ ಸೇರಿಸಿಲ್ಲ.

ಕಬ್ಬಿಣದ ಲೆಕ್ಕ ನನ್ನಂಥವರಿಗೇ ಹೇಳಿಮಾಡಿಸಿದ್ದು. ಸರಳಿನ ವ್ಯಾಸವನ್ನು ಮಿ.ಮೀ.ನಲ್ಲಿ ಹಿಡಿದು ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂದು ಬರುತ್ತದೆ. 12 ಮಿ.ಮೀ. ಸರಳಿಗೆ 144 ಭಾಗ 162, ಅಂದರೆ 0.889. ಸರಳು 12 ಮೀಟರ್ ಉದ್ದ, ಒಂದಕ್ಕೆ 10.67 ಕೆ.ಜಿ. ಈ ಗಾತ್ರಕ್ಕೆ ಶೇ. 5ರಷ್ಟು ಹೆಚ್ಚುಕಡಿಮೆಗೆ ಮಾನಕ ಸಂಸ್ಥೆ ಅವಕಾಶ ಕೊಟ್ಟಿದೆ. 10.13ಕ್ಕಿಂತ ಕೆಳಗಿಳಿದರೆ ಆ ಲೋಡು ವಾಪಸ್. ತೂಕ ನೋಡಲು ಇಂಜಿನಿಯರ್ ಬೇಕಿಲ್ಲ, ಪಕ್ಕದ ಗುಜರಿ ಅಂಗಡಿಯ ತಕ್ಕಡಿ ಸಾಕು. ಇದನ್ನು ಕರಾರಿನಲ್ಲಿ ಬರೆಯೋಣವೇ ಎಂದು ಫೋನಿನಲ್ಲಿ ಕೇಳಿದೆ. "ಬರೀರಿ ಮೇಡಂ, ನನಗೂ ಅಂಗಡಿಯವನಿಗೆ ತೋರ್ಸೋಕೆ ಒಂದು ಕಾಗದ ಆಗ್ತದೆ" ಅಂದರು.

ಒಂಬತ್ತನೇ ತರಗತಿಯ ಮಕ್ಕಳಿಗೆ ನಾಳೆ ಇದೇ ಲೆಕ್ಕ ಕೊಡುತ್ತೇನೆ. 162 ಎಲ್ಲಿಂದ ಬಂತು ಅಂತ ಅವರೇ ಕಂಡುಹಿಡಿಯಲಿ, ಉಕ್ಕಿನ ಸಾಂದ್ರತೆ 7,850 ಎಂದಷ್ಟೇ ಸುಳಿವು.

4 ಡಿಸೆಂಬರ್, ಸೋಮವಾರ

ಕೋರ್ಟಿನಲ್ಲಿರುವ ಗೆಳತಿಯ ಜೊತೆ ಒಂದು ಗಂಟೆ ಮಾತಾಡಿದೆ. ಏನಾದರೂ ಕೆಟ್ಟರೆ ‘ರೇರಾ’ ಇದೆಯಲ್ಲ ಎಂಬ ಧೈರ್ಯದಲ್ಲಿದ್ದೆವು. ಅದು ನಮಗಲ್ಲವಂತೆ. 2016ರ ಆ ಕಾಯ್ದೆ ಫ್ಲ್ಯಾಟು, ಸೈಟು ಮಾರುವ ಬಿಲ್ಡರುಗಳಿಗೆ. ನಮ್ಮದೇ ಸೈಟಿನಲ್ಲಿ ನಾವೇ ಕಂಟ್ರಾಕ್ಟರ್ ಇಟ್ಟು ಕಟ್ಟಿಸಿಕೊಂಡರೆ ಅದರ ನೆರಳು ಬೀಳುವುದಿಲ್ಲ. ಅಪಾರ್ಟ್‌ಮೆಂಟ್ ಕೊಂಡವರಿಗೆ ಅದರಲ್ಲಿ ಸಿಗುವ ಐದು ವರ್ಷದ ದೋಷ ಹೊಣೆ ನಮಗೆ ತಾನಾಗಿ ಸಿಗುವುದಿಲ್ಲ, ಬೇಕಾದರೆ ಕರಾರಿನಲ್ಲಿ ಬರೆಸಿಕೊಳ್ಳಬೇಕು.

ನಮಗಿರುವ ದಾರಿ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಸೇವೆ’ ಎನ್ನುವುದರೊಳಗೆ ಮನೆ ನಿರ್ಮಾಣವೂ ಇದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗಕ್ಕೇ ಹೋಗಬಹುದು, ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ. "ಆದ್ರೆ ಅಲ್ಲಿಗೆ ಹೋಗೋವಾಗ ಕೈಯಲ್ಲಿ ಏನಿರುತ್ತೆ ಅನ್ನೋದು ಮುಖ್ಯ ಕಣೆ" ಅಂದಳು. ಕರಾರು, ಬ್ಯಾಂಕಿನ ಮೂಲಕ ಕೊಟ್ಟ ಹಣದ ದಾಖಲೆ, ದಿನಾಂಕ ಇರುವ ಫೋಟೋ. ನಗದು ಕೊಟ್ಟು ಬಾಯಿಮಾತಿನಲ್ಲಿ ಕಟ್ಟಿಸಿದವರು ಅಲ್ಲಿ ಹೋಗಿ ಬರೀ ಅತ್ತು ಬರುತ್ತಾರಂತೆ.

9 ಡಿಸೆಂಬರ್, ಶನಿವಾರ

ಶಾಲೆ ಅರ್ಧ ದಿನ. ಎಸ್ಟಿಮೇಟ್ ಕೊಟ್ಟ ಮೇಸ್ತ್ರಿಯ ಈಗಿನ ಸೈಟು ನಿಜಲಿಂಗಪ್ಪ ಬಡಾವಣೆ ಕಡೆ. ದಾರಿಯಲ್ಲಿ ಅವರು ಸಿಮೆಂಟ್ ತರುವ ಅಂಗಡಿಯಲ್ಲಿ ಚೀಲದ ರೇಟು ಕೇಳುವ ನೆಪದಲ್ಲಿ ನಿಂತೆ. ಅವರ ಹೆಸರು ಹೇಳಿದಾಗ ಅಂಗಡಿಯವರು ಪುಸ್ತಕ ಮಗುಚಿ, "ಸಾಲ ಹೇಳ್ತಾರೆ, ಹೇಳಿದ ದಿನ ಕೊಡ್ತಾರೆ. ಎರಡು ದಿನ ತಡ ಆದ್ರೆ ಫೋನ್ ಅವರೇ ಮಾಡ್ತಾರೆ" ಅಂದರು. ಮನೆ ಕಟ್ಟಿಸಿದವರು ಹೊಗಳುವುದಕ್ಕಿಂತ ಈ ಮಾತಿಗೆ ತೂಕ ಜಾಸ್ತಿ. ಅಂಗಡಿ ಸಾಲ ಉಳಿಸಿಕೊಂಡ ಕಂಟ್ರಾಕ್ಟರ್ ನಮ್ಮ ದುಡ್ಡಿನಲ್ಲಿ ಹಿಂದಿನ ಮನೆಯ ಬಾಕಿ ತೀರಿಸುತ್ತಾರೆ. ಆಮೇಲೆ ನಮ್ಮ ಮನೆ ಮುಂದಿನ ಗಿರಾಕಿಯ ಮುಂಗಡಕ್ಕೆ ಕಾಯುತ್ತ ಲಿಂಟಲ್ಲಿಗೆ ನಿಲ್ಲುತ್ತದೆ. ಊರಲ್ಲಿ ಅರ್ಧಕ್ಕೆ ನಿಂತ ಮನೆಗಳಿಗೆ ಕಾರಣ ಹುಡುಕಿದರೆ ಹೆಚ್ಚಿನ ಕಡೆ ಕಳ್ಳತನ ಸಿಗುವುದಿಲ್ಲ, ಈ ಸುತ್ತು ಸಿಗುತ್ತದೆ.

ಸೈಟು ತಲುಪುವಾಗ ಸಂಜೆ. ಬಟವಾಡೆ ನಡೆಯುತ್ತಿತ್ತು. ಇಟ್ಟಿಗೆ ರಾಶಿಯ ಮೇಲೆ ಹಲಗೆ ಹಾಕಿ ಕೂತು, ಉದ್ದನೆಯ ನೋಟುಬುಕ್ಕಿನಲ್ಲಿ ಹೆಸರು ಕೂಗಿ ಹಣ ಕೊಡುತ್ತಿದ್ದರು. ಗೌಂಡಿಗಳು, ಆಮೇಲೆ ಹೆಣ್ಣಾಳುಗಳು. ಒಬ್ಬ ಹೆಂಗಸು ಬುಧವಾರದ ಅರ್ಧ ದಿನ ಬಿಟ್ಟುಹೋಗಿದೆ ಎಂದಳು. ಪುಸ್ತಕ ತಿರುಗಿಸಿ ಅವಳಿಗೇ ತೋರಿಸಿದರು. ಅವಳಿಗೆ ಓದಲು ಬಾರದು. ಪಕ್ಕದ ಹುಡುಗ ಓದಿ, "ಇಲ್ಲ ಯಜಮಾನ್ರೆ, ಇಲ್ಲಿ ಬರ್ಕೊಂಡೇ ಇಲ್ಲ" ಅಂದ. ಮರುಮಾತಿಲ್ಲದೆ ಬರೆದು, ಕೊಟ್ಟರು. ನಾನು ಬಂದದ್ದನ್ನು ಅವರು ಆ ಹೊತ್ತಿಗೆ ನೋಡಿರಲಿಲ್ಲ.

ಮೆಟ್ಟಿಲ ಕೆಳಗೆ ಗೋಣಿಚೀಲದ ತುಂಬ ಕವರ್ ಬ್ಲಾಕು, 20 ಮಿ.ಮೀ.ಯದ್ದು ಬೇರೆ, ಕಾಲಂಗೆ 40ರದ್ದು ಬೇರೆ. ಸಿಮೆಂಟ್ ಚೀಲಗಳು ನೆಲದ ಮೇಲಲ್ಲ, ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ. ಕಾಲಂಗಳಿಗೆ ಸುತ್ತಿದ ಗೋಣಿ ಮುಟ್ಟಿದೆ, ಒದ್ದೆ ಇತ್ತು. ಎಲ್ಲವೂ ಸರಿಯಿತ್ತು ಎಂದೇನಲ್ಲ. ಒಂದು ಬೀಮಿನ ಕೆಳಗೆ ಜಲ್ಲಿ ಕಾಣುತ್ತಿತ್ತು, ಮಾಲು ಕೂತಿರಲಿಲ್ಲ. ಕೇಳಿದೆ. "ಹೌದ್ರಿ, ವೈಬ್ರೇಟರ್ ನೀಡಲ್ ಅಲ್ಲಿಗೆ ಹೋಗ್ಲಿಲ್ಲ. ಇಂಜಿನಿಯರ್ ಬಂದು ನೋಡಿ ಹೇಳೋಗಂಟ ಮುಚ್ಚೋ ಹಂಗಿಲ್ಲ ಅಂತ ಬಿಟ್ಟೀನಿ" ಅಂದರು. ಸಿಮೆಂಟ್ ಬಳಿದು ಮುಚ್ಚಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

13 ಡಿಸೆಂಬರ್, ಬುಧವಾರ

ಹೆಡ್‌ಮಿಸ್ಟ್ರೆಸ್ ಸ್ಟಾಫ್ ರೂಮಿಗೆ ಬಂದು ನಗುತ್ತಾ, "ನಿಮ್ಮ ಬಗ್ಗೆ ವಿಚಾರಣೆ ನಡೀತಿದೆ" ಎಂದರು. ಮೇಸ್ತ್ರಿ ಅವರಿಗೆ ಫೋನ್ ಮಾಡಿದ್ದರಂತೆ: ಮೇಡಂ ಮನೆಯವರು ಹೇಗೆ, ಹೇಳಿದ ಹೊತ್ತಿಗೆ ದುಡ್ಡು ಕೊಡ್ತಾರಾ, ಕಟ್ಟಿದ ಗೋಡೆ ಒಡೆಸಿ ಮತ್ತೆ ಕಟ್ಟಿಸೋ ಪೈಕಿಯಾ. ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲೂ ಕೇಳಿದ್ದಾರೆ. ಸಂಜೆ ನನ್ನ ಹತ್ತಿರವೇ, ಸಂಕೋಚದಿಂದ, ಬ್ಯಾಂಕಿನ ಸಾಲ ಮಂಜೂರಾತಿ ಪತ್ರದ ಪ್ರತಿ ಕೇಳಿದರು.

ಇವರಿಗೆ ಫೋನಿನಲ್ಲಿ ಹೇಳಿದರೆ ಸಿಟ್ಟು ಬಂತು. "ನಾವು ದುಡ್ಡು ಕೊಡೋರು, ನಮ್ಮನ್ನೇ ಪರೀಕ್ಷೆ ಮಾಡ್ತಾರಾ?"

ನನಗೆ ಮಾತ್ರ ಮನಸ್ಸು ನಿರಾಳವಾಯಿತು. ಮನೆ ಕಟ್ಟಿಸುವವರು ಕೈಕೊಟ್ಟ ಕತೆಗಳೂ ಊರಲ್ಲಿ ಬೇಕಾದಷ್ಟಿವೆ. ಸ್ಲ್ಯಾಬಿನ ಮೇಲೆ ಬಾಕಿ ಉಳಿಸಿದವರು, ಟೈಲ್ಸ್ ಮೂರು ಸಲ ಬದಲಿಸಿ ದುಡ್ಡು ಕೊಡದವರು. ಆ ಬಾಕಿ ಕೊನೆಗೆ ಬೀಳುವುದು ಶನಿವಾರದ ಬಟವಾಡೆಯ ಮೇಲೆ. ಸಿಕ್ಕ ಸಿಕ್ಕವರ ಕೆಲಸ ಒಪ್ಪಿಕೊಳ್ಳುವವರಿಗೆ ಬೇಕಾಗಿರುವುದು ಮುಂಗಡ. ಕೆಲಸ ಮುಗಿಸಬೇಕೆಂದಿರುವವರು ಮಾತ್ರ ನಮ್ಮ ಯೋಗ್ಯತೆ ಕೇಳುತ್ತಾರೆ. ಪತ್ರದ ಪ್ರತಿ ಕಳಿಸಿದೆ.

15 ಡಿಸೆಂಬರ್, ಶುಕ್ರವಾರ

ನಾಳೆಯಿಂದ ಧನುರ್ಮಾಸ. ಅತ್ತೆಯ ಸಮಾಧಾನಕ್ಕೆ ಇವತ್ತೇ ಕರಾರಿಗೆ ಸಹಿಯಾಯಿತು. ಪೂಜೆ ಸಂಕ್ರಾಂತಿ ಕಳೆದ ಮೇಲೆ. ಹಣದ ಹಂತಗಳು:

ಸಹಿ ಹಾಕುವಾಗ ಶೇ. 5 (1,29,000)
ಪ್ಲಿಂತ್ ಮುಗಿದಾಗ ಶೇ. 15
ಲಿಂಟಲ್ಲಿಗೆ ಶೇ. 15
ಕೆಳಗಿನ ಸ್ಲ್ಯಾಬ್ ಬಿದ್ದ ಮೇಲೆ ಶೇ. 20
ಮೇಲಿನ ಸ್ಲ್ಯಾಬಿಗೆ ಶೇ. 10
ಪ್ಲಾಸ್ಟರಿಂಗ್ ಮುಗಿದಾಗ ಶೇ. 15
ನೆಲ, ಬಾಗಿಲು, ವೈರಿಂಗ್ ಆದಾಗ ಶೇ. 10
ಬೀಗದಕೈ ಕೊಡುವಾಗ ಶೇ. 5
ಉಳಿದ ಶೇ. 5 ಒಂದು ಮಳೆಗಾಲ ಕಳೆದ ಮೇಲೆ

ಕೊನೆಯ ಸಾಲಿಗೆ ಅವರು ಸುಲಭವಾಗಿ ಒಪ್ಪಲಿಲ್ಲ. ಮಳೆಗಾಲ ಬರದೇ ಹೋದರೆ ಎಂದು ಕೇಳಿದರು. ಈ ವರ್ಷ ನೋಡಿದವರಿಗೆ ಆ ಪ್ರಶ್ನೆ ತಮಾಷೆಯಲ್ಲ. ‘ಒಂದು ಮಳೆಗಾಲ ಅಥವಾ ಎಂಟು ತಿಂಗಳು, ಯಾವುದು ಮೊದಲೋ ಅದು’ ಎಂದು ತಿದ್ದಿದೆವು. ಪ್ರತಿ ಹಂತದ ಹಣವನ್ನು ಇಂಜಿನಿಯರ್ ನೋಡಿದ ಏಳು ದಿನದೊಳಗೆ ಕೊಡಬೇಕು, ತಡವಾದರೆ ಕೆಲಸ ನಿಲ್ಲಿಸುವ ಹಕ್ಕು ಅವರದು ಎಂದು ಅವರೂ ಒಂದು ಸಾಲು ಬರೆಸಿದರು. ಕೆಲಸಗಾರರ ವಿಮೆ ಅವರ ಹೊಣೆ. ಸ್ಲ್ಯಾಬ್ ಹಾಕುವ ದಿನ ಅದೇ ಕಾಂಕ್ರೀಟಿನ ಆರು ಕ್ಯೂಬ್ ತೆಗೆದಿಟ್ಟು, ಮೂರನ್ನು ಏಳನೇ ದಿನ, ಮೂರನ್ನು 28ನೇ ದಿನ ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಒಡೆಸಿ ನೋಡುವುದು, ಅದರ ಖರ್ಚು ನಮ್ಮದು. ಎಸ್ಟಿಮೇಟ್‌ನಲ್ಲಿ ಇಲ್ಲದ ಯಾವುದೇ ಕೆಲಸಕ್ಕೆ ಮೊದಲು ಅಳತೆ ಮತ್ತು ರೇಟು ಅದಕ್ಕೆಂದೇ ಇಟ್ಟ ಒಂದು ಪುಸ್ತಕದಲ್ಲಿ, ಎರಡೂ ಕಡೆಯ ಸಹಿ, ಆಮೇಲೆ ಕೆಲಸ.

28 ಜನವರಿ 2024, ಭಾನುವಾರ

ಪಾಯ ಅರ್ಧ ಆಗಿದೆ. ಈ ವಾರ ಎರಡು ತಕರಾರು ಬಂದವು, ಎರಡೂ ಬರೆದಿಡುತ್ತೇನೆ.

ಒಂದು: ಈಶಾನ್ಯ ಮೂಲೆಯಲ್ಲಿ ಗರಸು ಸಿಗಲಿಲ್ಲ. ಮೊದಲು ಗುಂಡಿ ತೋಡಿದ್ದು ಬೇರೆ ಮೂಲೆಯಲ್ಲಿ. ಇಲ್ಲಿ ಎರೆ ಇನ್ನೂ ಎರಡೂವರೆ ಅಡಿ ಕೆಳಗಿಳಿದಿದೆ. ಅವರು ಅಗೆತ ನಿಲ್ಲಿಸಿ ಫೋನ್ ಮಾಡಿದರು. ಇಂಜಿನಿಯರ್ ಬಂದು ನೋಡಿ ಇನ್ನೂ ಇಳಿಯಲೇಬೇಕು ಎಂದರು. ಟೇಪು ಒಂದು ತುದಿ ನಾನು, ಇನ್ನೊಂದು ತುದಿ ಅವರು ಹಿಡಿದು ಅಳೆದೆವು. ಎಸ್ಟಿಮೇಟಿನ ರೇಟಿಗೇ ಗುಣಿಸಿ ಪುಸ್ತಕದಲ್ಲಿ ಸಹಿ ಹಾಕಿದೆವು. ‘ಎಕ್ಸ್‌ಟ್ರಾ’ ಬಂದೇ ಬಂತು. ಆದರೆ ಎಲ್ಲಿಂದ ಬಂತು, ಎಷ್ಟು ಬಂತು ಎಂದು ಗುಂಡಿಯೊಳಗೆ ಇಣುಕಿದರೆ ಕಾಣುತ್ತದೆ.

ಎರಡು: ಪೋರ್ಟಿಕೋದ ಕಾಲಂ ಒಂದಡಿ ಪಕ್ಕಕ್ಕೆ ಸರಿಸಿದರೆ ಮುಂದೆ ಕಾರು ಸಲೀಸಾಗಿ ಒಳಬರುತ್ತದೆ ಎಂದು ಇವರ ಆಸೆ. ಮೇಸ್ತ್ರಿ ಖಡಾಖಂಡಿತ ಆಗಲ್ಲ ಅಂದರು. "ಡ್ರಾಯಿಂಗ್ ಬದಲಾಗಿ ಇಂಜಿನಿಯರ್ ಸಹಿ ಹಾಕಿ ಕೊಟ್ರೆ ಮಾಡ್ತೀನ್ರಿ ಸರ್. ನೀವು ಹೇಳಿದ್ರಿ ಅಂತ ಮಾಡಲ್ಲ." ಇವರ ಮುಖ ಇಳಿಯಿತು. ಕಾಫಿ ಕುಡಿಯುವಾಗ, "ದುಡ್ಡು ನಮ್ಮದು, ಮಾತು ಅವರದು" ಅಂತ ಗೊಣಗಿದರು.

"ಇಷ್ಟೆಲ್ಲ ಬರೆದಿಟ್ಟುಕೊಂಡ ಮೇಲೆ ನಂಬಿಕೆ ಅನ್ನೋದಕ್ಕೆ ಜಾಗ ಎಲ್ಲಿ?" ಎಂದೂ ಕೇಳಿದರು. ಆ ಪ್ರಶ್ನೆಯನ್ನು ತಳ್ಳಿಹಾಕಲಾರೆ. ನಮ್ಮ ಅಪ್ಪ ಮೇಸ್ತ್ರಿಯ ಕೈಗೆ ದುಡ್ಡಿನ ಗಂಟು ಕೊಟ್ಟು ಊರಿಗೆ ಹೋಗುತ್ತಿದ್ದರು, ಮನೆಯೂ ಏಳುತ್ತಿತ್ತು. ಆದರೆ ಆ ಮೇಸ್ತ್ರಿ ನಮ್ಮದೇ ಊರಿನವರು, ತಪ್ಪಿದರೆ ಮರುದಿನ ಅರಳಿಕಟ್ಟೆಯಲ್ಲಿ ತಲೆ ಎತ್ತುವಂತಿರಲಿಲ್ಲ. ಈ ಮೇಸ್ತ್ರಿಯನ್ನು ನಾವು ನೋಡಿದ್ದು ನಿನ್ನೆ ಮೊನ್ನೆ. ಇವರ ಮತ್ತು ನಮ್ಮ ನಡುವೆ ಕಟ್ಟೆಯ ಜಾಗದಲ್ಲಿ ಈ ಪುಸ್ತಕ ಇದೆ. ದುಡ್ಡು ಕೆಲಸಕ್ಕಿಂತ ಮುಂದೆ ಓಡಬಾರದು, ಕೆಲಸ ದುಡ್ಡಿಗಿಂತ ಮುಂದೆ ಓಡಿ ಅವರ ಬಟವಾಡೆ ತಪ್ಪಬಾರದು. ಇಷ್ಟು ಉಳಿಸಿಕೊಂಡರೆ ಇಬ್ಬರೂ ದೇವರಂಥ ಮನುಷ್ಯರಾಗಿರಬೇಕಾದ ಅಗತ್ಯ ಬೀಳುವುದಿಲ್ಲ, ಸಾಧಾರಣ ಒಳ್ಳೆಯವರಾಗಿದ್ದರೆ ಮನೆ ಎದ್ದು ನಿಲ್ಲುತ್ತದೆ.

ಕಾಲಂ ವಿಷಯ ಇಂಜಿನಿಯರಿಗೆ ಫೋನ್ ಮಾಡಿ ಕೇಳಿದ್ದೇನೆ. ಸರಿಸಬಹುದು, ಆದರೆ ಬೀಮಿನ ಆಳ ಹೆಚ್ಚುತ್ತದೆ, ಕಬ್ಬಿಣವೂ. ಎಷ್ಟಾಗುತ್ತದೆ ಎಂದು ಗುರುವಾರದೊಳಗೆ ಹೇಳುತ್ತಾರಂತೆ. ಇಲ್ಲದ ಕಾರಿಗೆ ಅಷ್ಟು ಖರ್ಚು ಬೇಕೋ ಬೇಡವೋ ಅನ್ನೋದನ್ನು ಇವರೇ ತೀರ್ಮಾನಿಸಲಿ.